ನೀರುಗಂಟಿ ಆಮೆಯ ವಜಾ

ಕುಂಪಣಿ ಸರ್ಕಾರದ ಹೊಸ ಕಾಲುವೆಯ ಏರಿಯಲ್ಲಿ ಕಿರುಬೆರಳು ತೂರುವಷ್ಟು ತೂತು ಬಿದ್ದಿರುವುದನ್ನು ವಿಷಾದದಿಂದ ತಿಳಿಸಬೇಕಾಗಿದೆ. ಕೊರೆದದ್ದು ಏಡಿ. ಏರಿಯ ಕೆಳಗೆ ಗೌಜಲಕ್ಕಿಯೊಂದು ಕಾವಿಗೆ ಕೂತಿತ್ತು.

“ಆಮೆಯಣ್ಣ, ಇನ್ನು ನಾಲ್ಕೇ ದಿನಕ್ಕೆ ಮರಿಗಳು ಹೊರಬರುತ್ತವೆ. ಒಂದು ಹಿಡಿ ಮಣ್ಣು ಮೆತ್ತಿಬಿಡು,” ಎಂದು ಅದು ಬೇಡಿಕೊಂಡಿತು.

ಕಾಲುವೆ ಕಾಯುವ ನೀರುಗಂಟಿ ಆಮೆಯ ಅಜ್ಜನ ಕಾಲದಲ್ಲಾಗಿದ್ದರೆ ಹಾಗೇ ಆಗುತ್ತಿತ್ತು. ಈಗ ಓವರ್‌ಸಿಯರ್ ಕೊಕ್ಕರೆ ತೂತನ್ನು ಅಳೆಯುವ ಮುನ್ನ ಯಾರೂ ಏರಿಗೆ ಮಣ್ಣು ಹಾಕುವಂತಿರಲಿಲ್ಲ. ಆಮೆ ಯೋಚಿಸಿತು. ಮಣ್ಣು ಹಾಕಬಾರದೆಂದು ಕಾಯಿದೆ ಇತ್ತು, ಆಮೆ ಕೂರಬಾರದೆಂದು ಇರಲಿಲ್ಲ. ತೂತಿಗೆ ಬೆನ್ನು ಒತ್ತಿ ಕೂತುಬಿಟ್ಟಿತು. ಸೋರಿಕೆ ನಿಂತಿತು.

ಮೂರನೆಯ ದಿನ ಕೊಕ್ಕರೆ ತಪಾಸಣೆಗೆ ಬಂತು.

“ಎಲ್ಲಯ್ಯಾ ತೂತು?”

“ನನ್ನ ಬೆನ್ನ ಹಿಂದಿದೆ, ಸ್ವಾಮಿ.”

“ಏಳು, ಅಳೆಯಬೇಕು.”

“ಬುಡ ನೆನೆದುಹೋಗಿದೆ ಸ್ವಾಮಿ, ಎದ್ದರೆ ಏರಿ ಉಳಿಯೋದಿಲ್ಲ. ಮೊದಲು ಮಣ್ಣು ತರಿಸಿ. ಇಲ್ಲವೇ ಇನ್ನೊಂದು ದಿನ ಬಿಡಿ.”

“ಅಳತೆ ಇಲ್ಲದೆ ಮಣ್ಣೆ? ಇದೇನು ನಿಮ್ಮಜ್ಜನ ದರ್ಬಾರು ಅಂದುಕೊಂಡೆಯಾ?”

ಕೊಕ್ಕರೆ ವರದಿ ಬರೆಯಿತು: ಸೋರಿಕೆ ಇಲ್ಲ, ನೀರುಗಂಟಿ ಕೆಲಸದ ವೇಳೆಯಲ್ಲಿ ಕೂತಿರುವುದು ಕಂಡುಬಂದಿದೆ. ಆಮೆಯನ್ನು ಅಲ್ಲೇ ವಜಾ ಮಾಡಿ, ಏರಿಯ ಒಳಹೊರಗನ್ನು ಚೆನ್ನಾಗಿ ಬಲ್ಲದ್ದೆಂದು ಆ ಜಾಗಕ್ಕೆ ಏಡಿಯನ್ನು ನೇಮಿಸಿತು.

“ಏಳಣ್ಣ, ನನ್ನ ಮನೆ ಬಾಗಿಲಿಗೇ ಕೂತಿದ್ದೀಯಲ್ಲ,” ಎಂದು ಏಡಿ ಆಮೆಯ ಕಾಲು ಚಿವುಟಿ ಎಬ್ಬಿಸಿತು.

ಏರಿ ಅಂದು ಮಧ್ಯಾಹ್ನವೇ ಒಡೆಯಿತು. ಗೌಜಲಕ್ಕಿ ಹಾರಿ ಬದುಕಿತು. ಏಳು ಮೊಟ್ಟೆಗಳೂ ಕೊಚ್ಚಿಹೋದವು.