ಕಾವಲಿ ಪಕ್ಕದ ಎಲೆ

ಮದುವೆ ಹೆಣ್ಣಿನ ಮನೆಯಂಗಳದಲ್ಲೇ ನಡೆದಿತ್ತು. ಬಾಣಸಿಗರಿಲ್ಲ, ಮನೆಯ ಹೆಂಗಸರೇ ಒಲೆ ಹಚ್ಚಿದ್ದರು. ಅದನ್ನು ಕಂಡು ಗಂಡಿನ ಸೋದರಮಾವ ನಾಗಭೂಷಣಪ್ಪನವರು ಪೇಟ ಸರಿಮಾಡಿಕೊಂಡು ಗುಡುಗಿದರು:

“ನಾವು ಗಂಡಿನ ಕಡೆಯವರು! ಕಾವಲಿಯಿಂದ ಇಳಿದ ಹೋಳಿಗೆ ಬಿಸಿಬಿಸಿಯಾಗಿ ನನ್ನ ಎಲೆಗೆ ಬೀಳಬೇಕು. ಆರಿದ್ದು ಬಡಿಸಿದರೆ ನಮ್ಮವರನ್ನೆಲ್ಲ ಎಬ್ಬಿಸಿಕೊಂಡು ಹೊರಡ್ತೀನಿ!”

ಹೆಣ್ಣಿನ ಅಪ್ಪ ಬೆವತುಹೋದ. ಹೋಳಿಗೆ ತಟ್ಟುತ್ತಿದ್ದ ಅವನ ಅಕ್ಕ ಸಾವಂತ್ರಮ್ಮ ಮಾತ್ರ ನಕ್ಕಳು.

“ನ್ಯಾಯವಾದ ಮಾತು ಬೀಗರೇ. ಪಂಕ್ತಿಗೆ ತರೋಷ್ಟರಲ್ಲಿ ಆರಿಬಿಡುತ್ತೆ. ನಿಮ್ಮ ಎಲೆ ಇಲ್ಲೇ ಕಾವಲಿ ಪಕ್ಕ ಹಾಕಿದೀನಿ, ಬನ್ನಿ.”

ಅವರು ಗತ್ತಿನಿಂದ ಕೂತರು. ಮೊದಲ ಹೋಳಿಗೆಗೆ ನಾಲಿಗೆ ಸುಟ್ಟಿತು. ಎರಡನೆಯದಕ್ಕೆ ಪೇಟ ಬಿಚ್ಚಿದರು. ಮೂರನೆಯದಕ್ಕೆ ಸಾಕಪ್ಪಾ ಅಂತ ಎದ್ದು ಕೈ ತೊಳೆದರು.

“ಅಯ್ಯೋ ಬೀಗರೇ, ಸೀದುಹೋಗ್ತಿದೆ! ನನ್ನ ಕೈಯೆಲ್ಲ ಹಿಟ್ಟು. ಒಂಚೂರು ಮಗುಚಿ!”

ಸಟ್ಟುಗ ತಗೊಂಡು ಮಗುಚಿದರು. ಹೋಳಿಗೆ ಬುಸ್ಸನೆ ಉಬ್ಬಿತು.

“ಕೈಗುಣ ಅಂದ್ರೆ ಇದು!” ಅಂದಳು ಸಾವಂತ್ರಮ್ಮ.

ಆಮೇಲೆ ಅವರು ಸಟ್ಟುಗ ಬಿಡಲೇ ಇಲ್ಲ.

ಎರಡನೇ ಪಂಕ್ತಿಯಲ್ಲಿ ಅವರ ತಮ್ಮನೇ ಕೂಗಿದ: “ಏನ್ರೀ ಇದು, ಹೋಳಿಗೆ ಆರಿದೆ!”

ನಾಗಭೂಷಣಪ್ಪನವರು ಸಟ್ಟುಗ ಹಿಡಿದೇ ಹೊರಗೆ ಬಂದರು.

“ಬಾಯ್ಮುಚ್ಕೊಂಡು ತಿನ್ನೋ! ಬೆಳಗ್ಗಿಂದ ಒಲೆ ಮುಂದೆ ಬೇಯ್ತಿರೋರು ನಾವು!”