ಶಾಲೆಯಲ್ಲಿ ಬಿಟ್ಟ ಮಣೆ

"ಗುರುಗಳೇ, ಒಂದು ದೇಶದಲ್ಲಿ ಮಕ್ಕಳು ಹದಿನಾಲ್ಕಕ್ಕೆ ಶಾಲೆ ಬಿಡುತ್ತಾರಂತೆ, ಇನ್ನೊಂದರಲ್ಲಿ ಹದಿನೆಂಟಕ್ಕೆ. ಯಾವುದು ಸರಿ?" ಎಂದು ಶಿಷ್ಯ ಶಿವನಂಜ ಕೇಳಿದ. ಅವನು ಸಂಸಾರಸ್ಥ. ಮಗಳನ್ನು ಮುಂದೆ ಓದಿಸುವುದೋ ಬಿಡಿಸುವುದೋ ಎಂದು ತಿಂಗಳುಗಳಿಂದ ತಲೆ ಕೆಡಿಸಿಕೊಂಡಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹಡಗಿನಲ್ಲಿ ಮೆಣಸು ತುಂಬಿಕೊಂಡು ದೇಶ ದೇಶ ತಿರುಗುವವನು. ಅವನಿಗೆ ಒಬ್ಬಳೇ ಮಗಳು, ಓದಿನಲ್ಲಿ ಬಲು ಚುರುಕು. ಆ ಊರಿನ ಶಾಲೆಗೆ ಮಕ್ಕಳು ಕೂರುವ ಮಣೆಯನ್ನು ಮನೆಯಿಂದಲೇ ತರಬೇಕು, ಓದು ಮುಗಿದ ದಿನ ಮರಳಿ ಒಯ್ಯಬೇಕು. ಹುಡುಗಿಗೆ ಹನ್ನೆರಡು ತುಂಬಿದಾಗ ನೆಂಟರು, ಇನ್ನು ಓದು ಸಾಕು ಎಂದರು. ಮೇಷ್ಟರು, ಈಗಲೇ ಬಿಡಿಸಬೇಡಿ ಎಂದರು. ವರ್ತಕ ಏನನ್ನೂ ಅಳೆದು ತೂಗದೆ ಮಾಡುವವನಲ್ಲ. "ನಾಲ್ಕು ದೇಶ ನೋಡಿ ಬಂದು ಹೇಳುತ್ತೇನೆ. ಅಲ್ಲಿಯವರೆಗೆ ಅಜ್ಜನ ಜೊತೆ ಮನೆಯಲ್ಲಿರಲಿ" ಎಂದು ಹಡಗು ಹತ್ತಿದ. ಮಣೆ ಮಾತ್ರ ಶಾಲೆಯಲ್ಲೇ ಇರಲಿ, ಅಪ್ಪ ಬಂದ ಮೇಲೆ ಬೇಕಾಗುತ್ತದೆ ಎಂದು ಮಗಳು ಹಟ ಹಿಡಿದಳು.

ಒಂದು ದೇಶದಲ್ಲಿ ಹನ್ನೆರಡಕ್ಕೇ ಮಕ್ಕಳನ್ನು ಬೇರ್ಪಡಿಸಿ, ಕೆಲವರನ್ನು ಕಸುಬಿಗೆ, ಕೆಲವರನ್ನು ಓದಿಗೆ ಹಚ್ಚುತ್ತಿದ್ದರು. ಅವನಿಗೆ ಅದು ತೀರಾ ಬೇಗ ಎನಿಸಿತು. ಇನ್ನೊಂದರಲ್ಲಿ ಹದಿನಾರರವರೆಗೆ ಎಲ್ಲರೂ ಒಟ್ಟಿಗೇ ಓದುತ್ತಿದ್ದರು. ಮೆಚ್ಚಿದ. ಆದರೂ ಮುಂದಿನ ಬಂದರನ್ನೂ ನೋಡಿಬಿಡೋಣ ಎಂದುಕೊಂಡ. ಅಲ್ಲಿ ಹದಿನೆಂಟರವರೆಗೆ ಅರ್ಧ ದಿನ ಪಾಠ, ಅರ್ಧ ದಿನ ಕೈಕಸುಬು. ಅದನ್ನು ನೋಡಿ ಅವನ ಕಣ್ಣು ತುಂಬಿತು. ನನ್ನ ಮಗಳು ಹೀಗೇ ಓದಬೇಕು ಎಂದು ನಿಶ್ಚಯಿಸಿದ. ಮೆಣಸಿನ ದರವನ್ನು ಒಂದೇ ಮಾತಿನಲ್ಲಿ ಕುದುರಿಸುವ ಗಟ್ಟಿಗ, ಇದೊಂದು ಮಾತಿಗೆ ವರ್ಷಗಳನ್ನೇ ಕಳೆದಿದ್ದ.

ಊರಿಗೆ ಬಂದವನು ಹೊಸ್ತಿಲು ದಾಟುವ ಮೊದಲೇ, "ತಿಳಿಯಿತು! ಹದಿನೆಂಟರವರೆಗೆ ಓದಲಿ" ಎಂದು ಕೂಗಿದ.

ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ಅವಳಿಗೆ ಆಗ ಹದಿನೆಂಟೇ.

"ಯಾರು ಓದಲಿ, ಅಪ್ಪಾ?"

ನಡುಮನೆಯಲ್ಲಿ ಆ ಮಣೆಯಿತ್ತು. ಕಾದು ಕಾದು ಸಾಕಾಗಿ ಅಜ್ಜ ಅದನ್ನು ಶಾಲೆಯಿಂದ ತರಿಸಿ, ಅರಿಸಿನ ಹಚ್ಚಿಸಿ, ಅದರ ಮೇಲೆಯೇ ಅವಳನ್ನು ಧಾರೆಗೆ ಕೂರಿಸಿದ್ದ. ವರ್ತಕ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟ. ಮಗಳ ಓದು ತಪ್ಪಿಸಿದ ಕೊರಗು ಸಾಯುವವರೆಗೂ ಅವನನ್ನು ಬಿಡಲಿಲ್ಲ.

ಕತೆ ಮುಗಿಯಿತು. ಶಿವನಂಜ ಸ್ವಲ್ಪ ಯೋಚಿಸಿ, "ಹಾಗಾದರೆ ಹದಿನಾರೋ ಹದಿನೆಂಟೋ, ಗುರುಗಳೇ?" ಎಂದ.

"ಇದು ಶಾಲೆಯ ಹೊತ್ತು, ಶಿವನಂಜ. ನಿನ್ನ ಮಗಳು ಈಗ ಎಲ್ಲಿದ್ದಾಳೆ?"

"ಮನೆಯಲ್ಲಿ" ಎಂದವನೇ ಶಿವನಂಜ ಎದ್ದು ಮನೆಯ ಕಡೆ ಹೊರಟ.