ಮಜ್ಜಿಗೆಗೆ ಬಿರಿದ ಕಣಿವೆ

ಬೋರನ ಗುಡ್ಡ ದೂರದಿಂದ ನೋಡಿದವರಿಗೆ ಮೆಲುಕು ಹಾಕುತ್ತಾ ಮಲಗಿದ ಹೋರಿಯಂತೆ ಕಾಣುತ್ತದೆ. ಹತ್ತಿರ ಬಂದರೆ ಆ ಹೋರಿಯ ಬೆನ್ನನ್ನು ಯಾರೋ ನಡುವೆ ಸೀಳಿಟ್ಟ ಹಾಗಿದೆ. ಆ ಸೀಳೇ ಮಜ್ಜಿಗೆ ಕಣಿವೆ. ಉದ್ದ ನೂರೈವತ್ತು ಹೆಜ್ಜೆ, ಅಗಲ ಹೇರು ಹೊತ್ತ ಒಂದು ಎತ್ತು ನುಸುಳುವಷ್ಟು. ಈಚೆಗೆ ಗೊಲ್ಲರ ಹಟ್ಟಿ, ಆಚೆಗೆ ಮಲ್ಲೇಸಂತೆ. ಈಗ ಗುಡ್ಡ ಸುತ್ತಿ ಡಾಂಬರು ರಸ್ತೆಯಾಗಿದೆ, ದಿನಕ್ಕೆರಡು ಸಲ ಬಸ್ಸೂ ಇದೆ. ಆದರೆ ಹಟ್ಟಿಯವರು ಬಸ್ಸಿಗೆ ಕೈ ಒಡ್ಡುವುದಿಲ್ಲ, ಕಣಿವೆ ಹಾದು ಬಸ್ಸಿಗಿಂತ ಮೊದಲೇ ಸಂತೆಯಲ್ಲಿರುತ್ತಾರೆ. ಕಲ್ಲಿನ ಶಾಸ್ತ್ರ ಓದಿದವರು ಒಮ್ಮೆ ಬಂದು, ಗೋಡೆ ತಡವಿ, ಉಳಿಯ ಗುರುತು ಹುಡುಕಿ, ಒಂದೂ ಸಿಗದೆ, ಇದು ತಾನಾಗಿಯೇ ಬಿರಿದದ್ದಿರಬೇಕು ಎಂದು ಬರೆದುಕೊಂಡು ಹೋದರಂತೆ. ಬರೆದುಕೊಳ್ಳಲಿ. ಬೇರೆ ಊರುಗಳ ಕಣಿವೆಗಳನ್ನು ರಾಜರು ಕಡಿಸಿದ್ದಾರೆ, ಇಲ್ಲವೆ ವನವಾಸಕ್ಕೆ ಬಂದ ಭೀಮಸೇನ ಒದ್ದು ಹೋಗಿದ್ದಾನೆ. ಈ ಕಣಿವೆಗೆ ರಾಜನೂ ಬೇಕಾಗಲಿಲ್ಲ, ಭೀಮನೂ ಬೇಕಾಗಲಿಲ್ಲ. ಮೀಸೆ ಆಗತಾನೆ ಚಿಗುರುತ್ತಿದ್ದ ಹುಡುಗರು, ಅವರ ಸರೀಕದ ಹುಡುಗಿಯರು, ಒಟ್ಟು ಮೂವತ್ತೆರಡು ಜನ ಮಾಡಿದ ಕೆಲಸ ಇದು. ಇದಕ್ಕೆ ಸಾಟಿಯಾದದ್ದು ಇನ್ನೊಂದಿದ್ದರೆ ಯಾವ ಸೀಮೆಯವರಾದರೂ ತಂದು ತೋರಿಸಲಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲವೋ ಅದಕ್ಕೂ ಹಿಂದೆಯೋ ನೆನಪಿಟ್ಟವರಿಲ್ಲ, ಹಟ್ಟಿಯಲ್ಲಿ ಅರವತ್ತು ಗುಡಿಸಲುಗಳಿದ್ದವು, ದನಗಳಿಗೆ ಎಣಿಕೆಯೇ ಇರಲಿಲ್ಲ. ದಾರಿಹೋಕರು ನೀರು ಕೇಳಿದರೆ ಮಜ್ಜಿಗೆ ಕೊಡುತ್ತಿದ್ದರು ಎನ್ನುತ್ತಾರೆ. ಅದು ಬರೀ ಔದಾರ್ಯವಲ್ಲ, ಆ ಹಟ್ಟಿಯಲ್ಲಿ ನೀರು ಕಡಿಮೆ, ಮಜ್ಜಿಗೆ ಹೆಚ್ಚು. ಬೆಣ್ಣೆಯಂತೂ ಸೀಮೆಗೇ ಹೆಸರಾದದ್ದು. ಆದರೆ ಮಾರಬೇಕಾದರೆ ಗುಡ್ಡ ಸುತ್ತಿ ಮಲ್ಲೇಸಂತೆಗೆ ಹೋಗಬೇಕು. ಕೋಳಿ ಕೂಗುವಾಗ ಹೊರಟ ಹೆಂಗಸರು ಸಂತೆ ಮುಟ್ಟುವಾಗ ಹೊತ್ತು ಇಳಿದಿರುತ್ತಿತ್ತು, ತಲೆಯ ಮೇಲಿನ ಬೆಣ್ಣೆ ಕರಗಿ ಕೆನ್ನೆಯ ಮೇಲೆ ಹರಿದಿರುತ್ತಿತ್ತು. ವ್ಯಾಪಾರಿಗಳು ಮೂಗು ಮುಚ್ಚಿಕೊಂಡು, ಹಳಸಿದ್ದಕ್ಕೆ ಇದೇ ಹೆಚ್ಚು ಎಂದು ಒಂದೆರಡು ಬೊಗಸೆ ರಾಗಿ ಸುರಿದು ಕಳಿಸುತ್ತಿದ್ದರು. ಗುಡ್ಡವನ್ನೇ ಕಡಿಯೋಣವೆಂದರೆ ಹಿರಿಯರ ಕಟ್ಟಳೆ ಅಡ್ಡ ನಿಂತಿತ್ತು. ಬೋರೇದೇವರ ಹೋರಿ ಮಲಗಿದ ಗುಡ್ಡ ಅದು, ಅದರ ಮೈಗೆ ಕಬ್ಬಿಣ ತಾಗಿಸುವಂತಿಲ್ಲ. ದನ ಕಾಯುವವರು ಕುಡುಗೋಲು ಕೊಡಲಿಗಳನ್ನು ಬುಡದಲ್ಲೇ ಬಿಟ್ಟು ಹತ್ತುತ್ತಿದ್ದರು, ಹುಲ್ಲನ್ನು ಕೈಯಲ್ಲೇ ಕೀಳುತ್ತಿದ್ದರು.

ಹಟ್ಟಿಯ ಯಜಮಾನ ದೊಡ್ಡಕಾಟಯ್ಯ. ಅವನ ಮೊಮ್ಮಗ ಚಿತ್ತಯ್ಯನಿಗೆ ಆಗ ಹತ್ತೊಂಬತ್ತು ವರ್ಷ. ಎಲ್ಲರೂ ಚಿತ್ತ ಎಂದೇ ಕರೆಯುತ್ತಿದ್ದರು. ಅವನ ಎದೆ ಅವನಿಗಿಂತ ಒಂದು ಮಾರು ಮುಂದೆ ನಡೆಯುತ್ತಿತ್ತು. ಒಂದು ದಿನ ಗುಡ್ಡದ ಮೇಲೆ ಗೆಣಸು ಸುಟ್ಟು ತಿಂದು, ಬೆಂಕಿ ಆರಲೆಂದು ಸೋರೆಬುರುಡೆಯ ನೀರು ಚೆಲ್ಲಿದ. ಕೆಳಗಿದ್ದ ಹಾಸುಬಂಡೆ ಫಟ್ಟೆಂದು ಹೋಳಾಯಿತು. ಚಿತ್ತ ಆ ಹೋಳನ್ನು ಹೆಗಲ ಮೇಲಿಟ್ಟುಕೊಂಡು ನೇರ ಕಟ್ಟೆಗೆ ಬಂದ. ಹಿರಿಯರ ಮಧ್ಯೆ ಅದನ್ನು ಧೊಪ್ಪೆಂದು ಹಾಕಿ, "ತಾತ, ಗುಡ್ಡಕ್ಕೆ ಕಬ್ಬಿಣ ಮುಟ್ಟಿಸಬಾರದು ಅಂತ ಐತೆ. ಬೆಂಕಿ ಮುಟ್ಟಿಸಬಾರದು ಅಂತ ಯಾರಾನ ಹೇಳವ್ರಾ?" ಎಂದ. ಕಟ್ಟೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೂಗು ಒರೆಸಿಕೊಳ್ಳಲು ಬಾರದವನು ಗುಡ್ಡ ಸೀಳುತ್ತಾನಂತೆ ಎಂದರು. ದೊಡ್ಡಕಾಟಯ್ಯ ನಗಲಿಲ್ಲ. "ನಾಲಿಗೆ ಉದ್ದ ಆಯ್ತು ಕಣ್ಲಾ ನಿಂದು. ದೇವರ ಗುಡ್ಡ ಕೆಣಕಿ ಅರ್ಧಕ್ಕೆ ಬಿಟ್ಟು ಬಂದ್ರೆ?" ಎಂದ. ಚಿತ್ತ ಕೈಯಲ್ಲಿದ್ದ ದನಗಾಹಿ ಕೋಲನ್ನು ಎತ್ತಿ ಹಿಡಿದು, "ಯುಗಾದಿ ಚಂದ್ರ ಕಾಣೋದ್ರೊಳಗೆ ಆಚೆಗೆ ದಾರಿ ಬಿಡಿಸ್ತೀನಿ. ಆಗದಿದ್ರೆ ಈ ಕೋಲು ನಿನ್ನ ಕಾಲಡಿ ಇಟ್ಟು ಹಟ್ಟಿ ಬಿಟ್ಟು ಹೋಯ್ತೀನಿ" ಎಂದ. ಗೊಲ್ಲ ಕೋಲು ಕೆಳಗಿಟ್ಟರೆ ಅವನಿಗೆ ದನವಿಲ್ಲ, ಹಟ್ಟಿಯಿಲ್ಲ, ಹೆಣ್ಣು ಕೊಡುವವರೂ ಇಲ್ಲ. ಕಟ್ಟೆಯ ನಗು ಅಲ್ಲಿಗೆ ನಿಂತಿತು.

ದೀಪಾವಳಿ ಕಳೆದ ಮಾರನೆಯ ದಿನವೇ ಕೆಲಸ ಶುರುವಾಯಿತು. ಹುಡುಗರು ಒಣಸೌದೆ ಆಯ್ದು ತಂದು ಬಂಡೆಯ ಮೇಲೆ ಒಟ್ಟಿ ಉರಿಸಿದರು. ಮೊದಲ ದಿನ ನೀರು ಬರುವಷ್ಟರಲ್ಲಿ ಬಂಡೆ ತಣ್ಣಗಾಗಿ, ಸುಯ್ ಎಂದು ಸದ್ದು ಮಾಡಿ ಸುಮ್ಮನಾಯಿತು. ನೋಡಲು ಬಂದ ಮುದುಕರು, "ಏನ್ರಲಾ, ಬಂಡೆಗೆ ಎಣ್ಣೆನೀರಿನ ಸ್ನಾನ ಆಯ್ತಾ?" ಎಂದು ಕೇಳಿ ಹೋದರು. ಕೆಲಸ ದಾರಿಗೆ ಹತ್ತಿದ್ದು ಚಿತ್ತನ ಸೋದರತ್ತೆಯ ಮಗಳು ಸಿರಿಯಮ್ಮನಿಂದ. ಅವಳು ಗುಡ್ಡದ ಮೇಲಿನ ದೊಣೆಯಿಂದ, ಅಂದರೆ ಮಳೆನೀರು ನಿಲ್ಲುವ ಬಂಡೆಗುಂಡಿಯಿಂದ, ಬೆಂಕಿಯವರೆಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೈಯಿಂದ ಕೈಗೆ ಗಡಿಗೆ ದಾಟಿಸಿದಳು. ದನ ಉಪವಾಸ ಬೀಳದಂತೆ ಮೂವತ್ತೆರಡು ಜನರಿಗೂ ಸರದಿ ಹಾಕಿದಳು. ಸರದಿ ತಪ್ಪಿಸಿದವನಿಗೆ ಅಂದು ಮುದ್ದೆ ಇಲ್ಲ, ಅದು ಚಿತ್ತನಿಗೂ ಸೇರಿ. ಅಲ್ಲಿಂದ ಮುಂದೆ ನೋಡಬೇಕಿತ್ತು ಆ ಭರಾಟೆಯನ್ನು! ಒಂದೊಂದು ಬೆಂಕಿಗೆ ಗೇಣುದಪ್ಪದ ಚಕ್ಕೆ ಏಳುತ್ತಿತ್ತು, ಜಾಲಿಮರದ ಸನ್ನೆಗೋಲು ಹಾಕಿ ಮೀಟಿ ಉರುಳಿಸಿದರೆ ಕೆಳಗಿನ ಹಟ್ಟಿಯ ನಾಯಿಗಳು ಬೆಚ್ಚಿ ಬೊಗಳುತ್ತಿದ್ದವು. ಅಂಗೈ ಬೊಬ್ಬೆ ಒಡೆದವರು ಒಡೆದ ಬೊಬ್ಬೆಯನ್ನೇ ಒಬ್ಬರಿಗೊಬ್ಬರು ತೋರಿಸಿ ಜಂಬಪಟ್ಟರು. ಶಿವರಾತ್ರಿಯ ಹೊತ್ತಿಗೆ ಎರಡೂ ಕಡೆಯಿಂದ ದಾರಿ ಬಂದು, ನಡುವೆ ಎರಡು ಗುಡಿಸಲಿನಷ್ಟು ದೊಡ್ಡ ಅಡ್ಡಬಂಡೆಯೊಂದೇ ಉಳಿಯಿತು.

ಆಗ ದೊಣೆ ಬತ್ತಿತು. ಚಿತ್ತ ಹಟ್ಟಿಯ ಬಾವಿಯ ನೀರು ಕೇಳಿದ. ದೊಡ್ಡಕಾಟಯ್ಯ, "ಬಾವಿ ದನಕ್ಕೆ, ಜನಕ್ಕೆ. ಬಂಡೆಗೆ ಒಂದು ಹನಿ ನೀರೂ ಇಲ್ಲ" ಎಂದ. ಅದು ನ್ಯಾಯದ ಮಾತು. ಚಿತ್ತ ಹುಟ್ಟಿದ ಮೇಲೆ ಮೂರು ದಿನ ಸುಮ್ಮನಿದ್ದದ್ದು ಅದೇ ಮೊದಲು, ಅದೇ ಕೊನೆ ಎನ್ನುತ್ತಾರೆ. ನಾಲ್ಕನೆಯ ದಿನ ಬೆಳಿಗ್ಗೆ ಸಿರಿಯಮ್ಮ ಬೆಣ್ಣೆ ಕಡೆಯುತ್ತಿದ್ದವಳು ಕಡೆಗೋಲು ನಿಲ್ಲಿಸಿ, "ಬಾವ, ತಾತ ನೀರು ಕೊಡಲ್ಲ ಅಂದ. ಮಜ್ಜಿಗೆ ಕೊಡಲ್ಲ ಅಂದ್ನಾ?" ಎಂದು ಕೇಳಿದಳು. ಚಿತ್ತ, "ಬಂಡೆಗೇನು ಬಾಯಾರಿಕೆ ಆಗೈತಾ?" ಎಂದು ನಕ್ಕ. "ನೀನು ಬೆಂಕಿ ಹಚ್ಚು. ಕುಡಿಸೋದು ನಾವು" ಎಂದಳು ಅವಳು. ಅಂದಿನಿಂದ ಕರುಗಳಿಗಿಲ್ಲ, ನಾಯಿಗಳಿಗಿಲ್ಲ, ಅರವತ್ತು ಮನೆಯ ಮಜ್ಜಿಗೆಯೆಲ್ಲ ಗಡಿಗೆಗಳಲ್ಲಿ ಗುಡ್ಡ ಹತ್ತಿತು. ಅಡ್ಡಬಂಡೆಯ ನೆರಳಿನಲ್ಲಿ ಸಾಲುಗಟ್ಟಿ ಕುಳಿತ ಗಡಿಗೆಗಳ ಹುಳಿವಾಸನೆಗೆ ಗುಡ್ಡದ ಕೋತಿಗಳೂ ದೂರ ಹೋದವಂತೆ.

ಮಜ್ಜಿಗೆ ಕೂಡಿತು, ಸೌದೆ ಮುಗಿಯಿತು. ಐದು ತಿಂಗಳ ಬೆಂಕಿಗೆ ಸುತ್ತಲಿನ ಒಣಕಡ್ಡಿಯೆಲ್ಲ ತೀರಿಹೋಗಿತ್ತು, ಅಂಥ ಬಂಡೆ ಕಾಯಲು ಹತ್ತು ಬಂಡಿ ಸೌದೆ ಬೇಕು. ಯುಗಾದಿಯ ಮಾರನೆಯ ದಿನ, ಸಂಜೆ ಚಂದ್ರ ಕಾಣುವ ದಿನ, ಹಿರಿಯರೆಲ್ಲ ವರ್ಷತೊಡಕಿನ ಅಡುಗೆಯ ಸಡಗರದಲ್ಲಿದ್ದಾಗ ಚಿತ್ತ ಯಾರೂ ಮಾಡದ ಕೆಲಸ ಮಾಡಿದ. ದನದ ದೊಡ್ಡಿಯ ಮುಳ್ಳುಬೇಲಿಗೆ ಕೈಹಾಕಿದ! ಹಟ್ಟಿಗೆ ಬೇಲಿಯೆಂದರೆ ಕೋಟೆ. ಕತ್ತಲಾದರೆ ತೋಳ ಬರುತ್ತದೆ, ಚಿರತೆ ಬರುತ್ತದೆ. ಅದು ಗೊತ್ತಿದ್ದೂ ಮೂವತ್ತೆರಡು ಜನ ಎರಡಾಳೆತ್ತರದ ಒಣಮುಳ್ಳನ್ನು ಎಳೆದು, ಮೈಯೆಲ್ಲ ಗೀರಿಸಿಕೊಂಡು, ಗುಡ್ಡ ಹತ್ತಿಸಿ ಅಡ್ಡಬಂಡೆಗೆ ಒಟ್ಟಿ ಕಿಚ್ಚಿಟ್ಟರು. ಉರಿ ಮುಗಿಲಿಗೆ ಹೋಯಿತು.

ಆ ಹೊಗೆ ನೋಡಿಯೇ ಹಿರಿಯರಿಗೆ ಬೇಲಿಯ ನೆನಪಾದದ್ದು. ಇಡೀ ಹಟ್ಟಿ ಏದುಸಿರು ಬಿಡುತ್ತಾ ಮೇಲೆ ಬರುವ ವೇಳೆಗೆ ಹೊತ್ತು ಇಳಿದಿತ್ತು, ಬಂಡೆ ಕುಲುಮೆಯಂತೆ ಝಳ ಬೀರುತ್ತಿತ್ತು. "ದನ ಎಲ್ಲಿ ಕೂಡಲಿ ಈವತ್ತು? ನಿನ್ನ ನಾಲಿಗೆ ಸುತ್ತಿ ಬೇಲಿ ಕಟ್ಟಲೇನ್ಲಾ?" ಎಂದು ದೊಡ್ಡಕಾಟಯ್ಯ ಗುಡುಗಿದ. ಚಿತ್ತ ಅತ್ತ ತಿರುಗಲಿಲ್ಲ. "ಸುರೀರೇ!" ಎಂದು ಕೂಗಿದ. ಹುಡುಗಿಯರ ಸಾಲು ಗಡಿಗೆಯ ಮೇಲೆ ಗಡಿಗೆ ಬೋರಲು ಹಾಕಿತು. ಬಿಳಿ ಹಬೆ ಎದ್ದು ಆಳಿಗೆ ಆಳು ಕಾಣದಾಯಿತು, ಹುಳಿ ಘಾಟಿಗೆ ಮುದುಕರೆಲ್ಲ ಕೆಮ್ಮಿದರು. ಹಬೆ ಇಳಿಯಿತು. ಬಂಡೆ ಇದ್ದ ಹಾಗೇ ಇತ್ತು.

ಕೋಲು ಇಡು ಎನ್ನುವಂತೆ ದೊಡ್ಡಕಾಟಯ್ಯ ಒಂದು ಕಾಲು ಮುಂದಿಟ್ಟು ನಿಂತ. ಚಿತ್ತ ಕೋಲು ಹಿಡಿದು ಬಂದ, ಬಾಗಿದ. ಅದೆಷ್ಟು ಜಂಬದ ಬೆನ್ನು ಅದು, ಆವರೆಗೆ ದೇವರಿಗೂ ಅಷ್ಟು ಬಾಗಿರಲಿಲ್ಲ. ಬಾಗಿದವನು ಹಾಗೇ ನಿಂತ. "ಇಡು" ಎಂದ ತಾತ. "ತಡಿ ತಾತ" ಎಂದ ಚಿತ್ತ, ಕಿವಿಯನ್ನು ನೆಲಕ್ಕೆ ಕೊಟ್ಟು. "ಬಂಡೆ ಮಾತಾಡ್ತೈತೆ!" ಹಂಚಿನ ಮೇಲೆ ಕಡಲೆ ಸಿಡಿದಂತೆ ಚಿಟಿಚಿಟಿ ಸದ್ದು. ಬಂಡೆಯ ನೆತ್ತಿಯಲ್ಲಿ ಕೂದಲೆಳೆಯಷ್ಟು ಗೀರು ಕಂಡವಳು ಸಿರಿಯಮ್ಮ. ಕೊನೆಯ ಗಡಿಗೆ ಅವಳ ಸೊಂಟದಲ್ಲೇ ಇತ್ತು. ಮೆಟ್ಟಿಲಿನಂತೆ ಬಾಗಿದ್ದ ಚಿತ್ತನ ಬೆನ್ನಿನ ಮೇಲೆಯೇ ಕಾಲಿಟ್ಟು ಹತ್ತಿ ಅದನ್ನು ಆ ಗೀರಿಗೇ ಸುರಿದು ಹಿಂದಕ್ಕೆ ಹಾರಿದಳು. ಸಿಡಿಲು ಹೊಡೆದಂತಾಯಿತು. ಅಡ್ಡಬಂಡೆ ನೆತ್ತಿಯಿಂದ ಬುಡದವರೆಗೆ ಎರಡಾಗಿ, ಆ ಸೀಳಿನಲ್ಲಿ ಮಲ್ಲೇಸಂತೆಯ ಬಯಲು ಕಂಡಿತು, ಬಯಲಿನ ಮೇಲೆ ಉಗುರಿನಷ್ಟು ಎಳೆಯ ಚಂದ್ರ.

ಮೂವತ್ತೆರಡು ಜನ ಕೇಕೆ ಹಾಕುತ್ತಾ ಆಚೆಗೆ ನುಗ್ಗಿದರು. ಆಚೆಯ ಮಣ್ಣು ಮುಟ್ಟಿ ಅದೇ ಓಟದಲ್ಲಿ ಹಿಂದಿರುಗುವಾಗ ನಟ್ಟನಡುವೆ ದೊಡ್ಡಕಾಟಯ್ಯ ಎದುರಾದ. ಹಿರಿಯರು ಬಂದರೆ ಕಿರಿಯರು ಸರಿಯಬೇಕು, ಅದು ಲೋಕದ ರೀತಿ. ಚಿತ್ತ ಸರಿಯಲು ನೋಡಿದ, ಹಿಂದೆ ಮೂವತ್ತೊಂದು ಜನ ಒತ್ತುತ್ತಿದ್ದರು. ಮುದುಕ ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಪಕ್ಕಕ್ಕೆ ತಿರುಗಿ ಬೆನ್ನನ್ನು ಗೋಡೆಗೆ ಆನಿಸಿ ನಿಂತ. "ನಡೀರಿ. ದಾರಿ ನಿಮ್ದು" ಎಂದ. ಮರುಗಳಿಗೆಯೇ, "ಬಿರ್ರನೆ ನಡೀರಲಾ, ಬಂಡೆ ಸುಡ್ತೈತೆ!" ಎಂದು ಅರಚಿದ.

ಹೊಸ ಬೇಲಿ ಏಳುವವರೆಗೆ ಆ ಮೂವತ್ತೆರಡು ಜನ ಸರದಿಯಲ್ಲಿ ದೊಡ್ಡಿಯ ಸುತ್ತ ನಿಂತರು, ಒಂದು ಕರುವೂ ಹೋಗಲಿಲ್ಲ. ಮುಂದಿನ ಸಂತೆಗೆ ಬೆಣ್ಣೆ ಕಡೆದಿಟ್ಟಷ್ಟೇ ಗಟ್ಟಿಯಾಗಿ ಹೋಯಿತು, ಮೂಗು ಮುಚ್ಚುತ್ತಿದ್ದ ವ್ಯಾಪಾರಿಗಳು ಕೈ ಚಾಚಿಕೊಂಡು ಎದುರು ಬಂದರು. ಕಣಿವೆಗೆ ಚಿತ್ತನ ಕಣಿವೆ ಎಂದು ಹೆಸರಿಡಬೇಕೆಂದು ಕಟ್ಟೆಯಲ್ಲಿ ಮಾತು ಬಂತು. ಮಾತು ತಂದವನು ಚಿತ್ತನೇ. ಸಿರಿಯಮ್ಮ, "ಬಂಡೆ ಬಿರಿದಿದ್ದು ನಿನ್ನ ಮೀಸೆಗಲ್ಲ ಬಾವ, ಮಜ್ಜಿಗೆಗೆ" ಎಂದಳು. ಹಟ್ಟಿಯ ನಗುವಿನಲ್ಲಿ ಆ ಹೆಸರೇ ನಿಂತುಹೋಯಿತು.

ಇಂದು ಹೋದವರು ಕಣಿವೆಯ ನಡುಭಾಗದಲ್ಲಿ ಎಡಗೋಡೆಯನ್ನು ನೋಡಬೇಕು. ಬೇರೆಡೆಯೆಲ್ಲ ಒರಟಾದ ಕಲ್ಲು ಅಲ್ಲಿ ಮಾತ್ರ ಭುಜದೆತ್ತರಕ್ಕೆ ಹೊಳಪು ಬಂದು ನುಣ್ಣಗಾಗಿದೆ. ಅದನ್ನು ತಿಕ್ಕಿದ್ದು ಹಿರಿಯರ ಬೆನ್ನು. ಈ ಭೂಮಿಯ ಮೇಲೆ ಬೇರೆಲ್ಲೇ ಆಗಲಿ ಸಣ್ಣವರು ದೊಡ್ಡವರಿಗೆ ದಾರಿ ಬಿಡುತ್ತಾರೆ, ಈ ನೂರೈವತ್ತು ಹೆಜ್ಜೆಯಲ್ಲಿ ದೊಡ್ಡವರು ಸಣ್ಣವರಿಗೆ ಬಿಡಬೇಕು. ಪಂಚೆಯವರಾಗಲಿ, ಪ್ಯಾಂಟಿನವರಾಗಲಿ, ಜೀಪಿನಲ್ಲಿ ಬಂದಿಳಿದ ಸಾಹೇಬರಾಗಲಿ, ಬಿಟ್ಟೇ ಬಿಟ್ಟಿದ್ದಾರೆ. ಬೆಳಿಗ್ಗೆ ಏಳರ ಹೊತ್ತಿಗೆ ಹಟ್ಟಿಯ ಕಡೆಯಿಂದ ಹಾಲಿನ ಕ್ಯಾನು ಹೊತ್ತ ಹುಡುಗಿಯೊಬ್ಬಳು ಬರುತ್ತಾಳೆ. ಎದುರಿಗೆ ಬಂದ ಎಪ್ಪತ್ತರ ಅಜ್ಜ ಊರುಗೋಲನ್ನು ಕಂಕುಳಲ್ಲಿಟ್ಟು, ಆ ನುಣುಪಾದ ಕಲ್ಲಿಗೆ ಬೆನ್ನು ಕೊಟ್ಟು, "ಬಾರವ್ವ, ಬಾ" ಎಂದು ನಿಲ್ಲುತ್ತಾನೆ.